ಪೆಡಲ್ ಪವರ್ ಮೀಟರ್: ಅಳತೆ ಸರಿಮಾಡಿಕೊಳ್ಳುವುದು, ತುಳಿತ ತಿದ್ದಿಕೊಳ್ಳುವುದು

ಉಡುಪಿಯಿಂದ ಮಣಿಪಾಲಕ್ಕೆ ಸೈಕಲ್ ತುಳಿಯುವವರಿಗೆ ಇಂದ್ರಾಳಿ ದಾಟಿದ ಮೇಲಿನ ಏರು ಚೆನ್ನಾಗಿ ಗೊತ್ತು. ಒಂದು ದಿನ ಅದು ಹಗುರವಾಗಿ ಮುಗಿದುಹೋಗುತ್ತದೆ, ಮರುದಿನ ಅದೇ ಏರು ಮುಗಿಯುವುದೇ ಇಲ್ಲ ಎನ್ನಿಸುತ್ತದೆ. ಗಾಳಿ ಬೆನ್ನಿಗಿತ್ತೇ, ರಾತ್ರಿ ನಿದ್ದೆ ಕೆಟ್ಟಿತ್ತೇ, ಟಯರಿನಲ್ಲಿ ಗಾಳಿ ಇಳಿದಿತ್ತೇ ಎಂಬುದನ್ನು ವೇಗದ ಅಂಕಿ ಹೇಳುವುದಿಲ್ಲ. ಎದೆಬಡಿತ ಅಳೆಯುವ ಪಟ್ಟಿಯೂ ನಮ್ಮ ಕರಾವಳಿಯ ಸೆಕೆಯಲ್ಲಿ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಏಪ್ರಿಲ್ ತಿಂಗಳಲ್ಲಿ ಅದೇ ಕೆಲಸಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಕಾಲು ನಿಜವಾಗಿ ಎಷ್ಟು ಕೆಲಸ ಮಾಡಿತು ಎಂಬುದನ್ನು ವ್ಯಾಟ್ ಲೆಕ್ಕದಲ್ಲಿ ತೋರಿಸುವುದು ಪವರ್ ಮೀಟರ್ ಮಾತ್ರ.

ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಎಂಬ ಹೆಸರಿನಲ್ಲಿ ಇದನ್ನು ಸೈಕಲ್ಲಿಗೆ ತಂದಾಗ ಅಳತೆಯ ಭಾಗ ಕ್ರ್ಯಾಂಕಿನಲ್ಲಿತ್ತು, ಅಂದರೆ ಪೆಡಲನ್ನು ಹೊತ್ತು ತಿರುಗುವ ತೋಳಿನಲ್ಲಿ. ಅದು ಪೆಡಲಿನೊಳಕ್ಕೆ ಬಂದು ಸಾಮಾನ್ಯ ಸವಾರರ ಕೈಗೆ ಸಿಕ್ಕಿದ್ದು ಬಹಳ ತಡವಾಗಿ: ಗಾರ್ಮಿನ್ ವೆಕ್ಟರ್ 2013ರಲ್ಲಿ, ಫವೇರೊ ಅಸ್ಸಿಯೋಮಾ 2017ರಲ್ಲಿ ಮಾರುಕಟ್ಟೆಗೆ ಬಂದವು. ಪೆಡಲ್ ಮೀಟರಿನ ದೊಡ್ಡ ಅನುಕೂಲವೆಂದರೆ ಅದನ್ನು ಬಿಚ್ಚಿ ಇನ್ನೊಂದು ಸೈಕಲ್ಲಿಗೆ ಹತ್ತು ನಿಮಿಷದಲ್ಲಿ ಹಾಕಬಹುದು, ಮತ್ತು ಎರಡೂ ಕಾಲುಗಳ ಬಲವನ್ನು ಬೇರೆ ಬೇರೆಯಾಗಿ ನೋಡಬಹುದು. ಅದರ ದೊಡ್ಡ ಅಪಾಯವೂ ಅದೇ. ಹ್ಯಾಂಡಲಿನ ಪರದೆಯ ಮೇಲೆ ಇಷ್ಟೊಂದು ಅಂಕಿಗಳು ಬಂದು ಕುಳಿತಾಗ ಪ್ರತಿಯೊಂದನ್ನೂ ತಿದ್ದಬೇಕು ಎನ್ನಿಸುತ್ತದೆ. ನನ್ನ ಅನುಭವದಲ್ಲಿ ಅವುಗಳಲ್ಲಿ ಮೂರನ್ನು ನೋಡಿಕೊಂಡರೆ ಸಾಕು, ಉಳಿದವನ್ನು ಮುಚ್ಚಿಡುವುದೇ ಲೇಸು. ಆದರೆ ಆ ಮೂರನ್ನು ನಂಬುವ ಮೊದಲು ಮೀಟರು ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಅದು.

ಪೆಡಲಿನೊಳಗೆ ನಡೆಯುವುದು

ಕ್ರ್ಯಾಂಕಿಗೆ ತಿರುಪಿ ಕೂರಿಸುವ ಉಕ್ಕಿನ ಸ್ಪಿಂಡಲ್ ನೀವು ತುಳಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿರುವ ಸ್ಟ್ರೇನ್ ಗೇಜ್ ಎಂಬ ತೆಳುವಾದ ಲೋಹದ ಪಟ್ಟಿಯೂ ಜತೆಯಲ್ಲೇ ಹಿಗ್ಗಿ ಕುಗ್ಗುವುದರಿಂದ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯಿಂದ ಬಲ ಎಷ್ಟೆಂದು ಲೆಕ್ಕ ಸಿಗುತ್ತದೆ. ಬಲವನ್ನು ಕ್ರ್ಯಾಂಕಿನ ಉದ್ದದಿಂದ ಗುಣಿಸಿದರೆ ಟಾರ್ಕ್ ಅಥವಾ ತಿರುಚುಬಲ, ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್.

ಇಲ್ಲಿ ಲೆಕ್ಕಕ್ಕೆ ಬರುವುದು ಕ್ರ್ಯಾಂಕನ್ನು ತಿರುಗಿಸುವ ಬಲ ಮಾತ್ರ. ಬೀಸುಕಲ್ಲಿನ ಗೂಟ ಹಿಡಿದು ನಡುವಿನತ್ತ ಎಷ್ಟೇ ಒತ್ತಿದರೂ ಕಲ್ಲು ಕದಲುವುದಿಲ್ಲ, ಅಡ್ಡಕ್ಕೆ ತಳ್ಳಿದರೆ ಮಾತ್ರ ತಿರುಗುತ್ತದೆ. ಕ್ರ್ಯಾಂಕೂ ಹಾಗೆಯೇ. ಬಲಗಡೆಯಿಂದ ನೋಡುವಾಗ ಕ್ರ್ಯಾಂಕಿನ ಸುತ್ತನ್ನು ಗಡಿಯಾರದ ಮುಖವೆಂದು ಭಾವಿಸಿಕೊಂಡರೆ, 3 ಗಂಟೆಯ ಜಾಗದಲ್ಲಿ ಕೆಳಮುಖವಾಗಿ ಒತ್ತಿದ್ದೆಲ್ಲ ತಿರುಗುವುದಕ್ಕೆ ಸಲ್ಲುತ್ತದೆ. 6 ಗಂಟೆಯಲ್ಲಿ ಅದೇ ಒತ್ತಡ ಕ್ರ್ಯಾಂಕನ್ನು ಉದ್ದಕ್ಕೆ ಎಳೆಯುತ್ತದೆಯೇ ಹೊರತು ಒಂದಿಷ್ಟೂ ತಿರುಗಿಸುವುದಿಲ್ಲ. ತುಳಿತದ ಬಗ್ಗೆ ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಎಡಗಡೆ ಪೆಡಲಿನಲ್ಲಿ ಮಾತ್ರ ಅಳತೆಯಿರುವ ಅಗ್ಗದ ಮಾದರಿಗಳು ಎಡಗಾಲಿನ ಅಂಕಿಯನ್ನು ಎರಡರಿಂದ ಗುಣಿಸಿ ಒಟ್ಟು ಎಂದು ತೋರಿಸುತ್ತವೆ. ನಿಮ್ಮ ಎಡಗಾಲು ನೂರಕ್ಕೆ 48ರಷ್ಟು ಕೆಲಸ ಮಾಡುತ್ತಿದ್ದರೆ ನಿಜವಾದ 200 ವ್ಯಾಟ್ ಪರದೆಯ ಮೇಲೆ 192 ಆಗುತ್ತದೆ. ದಿನದಿಂದ ದಿನಕ್ಕೆ ಹೋಲಿಸಿಕೊಳ್ಳಲು ಇದು ಅಡ್ಡಿಯಲ್ಲ, ಆದರೆ ಎರಡು ಕಾಲುಗಳ ಹೋಲಿಕೆಯ ಮಾತನ್ನು ಅಂಥ ಮೀಟರಿನಲ್ಲಿ ಆಡುವಂತಿಲ್ಲ.

ಕೂರಿಸುವ ಕ್ರಮ

ಮೊದಲು ಕ್ರ್ಯಾಂಕಿನ ತೂತಿನ ಒಳತಿರುಪನ್ನು ಬಟ್ಟೆಯಿಂದ ಒರೆಸಿ, ಸ್ಪಿಂಡಲಿನ ತಿರುಪಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಬಲ ಪೆಡಲಿನದು ಸಾಮಾನ್ಯ ತಿರುಪು, ಎಡ ಪೆಡಲಿನದು ಉಲ್ಟಾ ತಿರುಪು. ಗೊಂದಲವಾದರೆ ಒಂದೇ ಸೂತ್ರ ನೆನಪಿಡಿ: ಸ್ಪಿಂಡಲಿನ ಮೇಲ್ಭಾಗವನ್ನು ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಸಡಿಲವಾಗುತ್ತವೆ. ಒಮ್ಮೆ ಅಂಗಡಿಯೊಂದರಲ್ಲಿ ನನ್ನ ಎಡ ಪೆಡಲನ್ನು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿಬಿಟ್ಟರು; ಉದ್ದ ಪೈಪು ಸಿಕ್ಕಿಸಿ ತೆಗೆಯುವಷ್ಟರಲ್ಲಿ ಕ್ರ್ಯಾಂಕಿನ ತಿರುಪು ಅರ್ಧ ಸವೆದಿತ್ತು. ಅಂದಿನಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.

ಮೊದಲ ನಾಲ್ಕೈದು ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಿ, ಎಲ್ಲಿಯೂ ಹಿಡಿದುಕೊಳ್ಳದೆ ಒಳಗೆ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆ ಮಾದರಿಗೆ ತಕ್ಕಂತೆ 15 ಮಿ.ಮೀ. ಸ್ಪ್ಯಾನರ್ ಅಥವಾ 8 ಮಿ.ಮೀ. ಅಲೆನ್ ಕೀಯಿಂದ ಬಿಗಿ ಮಾಡಿ. ತಯಾರಕರ ಕೈಪಿಡಿಯಲ್ಲಿ ಎಷ್ಟು ನ್ಯೂಟನ್ ಮೀಟರ್ ಎಂದು ಕೊಟ್ಟಿರುತ್ತಾರೆ, ಗಾರ್ಮಿನ್ ರ‍್ಯಾಲಿ ಪೆಡಲಿಗೆ ಅದು 34. ಸಾಮಾನ್ಯ ಪೆಡಲಿನಲ್ಲಿ ಬಿಗಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಏನೂ ಆಗುವುದಿಲ್ಲ. ಇಲ್ಲಿ ಸ್ಪಿಂಡಲೇ ತಕ್ಕಡಿಯಾದ್ದರಿಂದ ಅದು ಕ್ರ್ಯಾಂಕಿಗೆ ಗಟ್ಟಿಯಾಗಿ ಕೂರದಿದ್ದರೆ ಅಳತೆಯೇ ಅಲುಗಾಡುತ್ತದೆ. ಬಲಗಡೆ ಸರಪಳಿಯನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೂ ಹಾಕಿ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ ನೋಡಿ. ಪೆಡಲಿನ ಯಾವ ಭಾಗವೂ ಸರಪಳಿಗೆ ಅಥವಾ ಕ್ರ್ಯಾಂಕಿಗೆ ತಾಗಬಾರದು. ತಾಗುವಂತಿದ್ದರೆ ಕೈಪಿಡಿ ಒಪ್ಪುವ ವಾಷರ್ ಹಾಕಬೇಕು.

ಇದಾದ ಮೇಲೆ ಕ್ರ್ಯಾಂಕಿನ ಉದ್ದವನ್ನು ಪವರ್ ಮೀಟರಿನ ಆ್ಯಪಿನಲ್ಲಿ ನಮೂದಿಸಬೇಕು. ಒಳಬದಿಯಲ್ಲಿ, ಪೆಡಲಿನ ತೂತಿನ ಹತ್ತಿರ, 165, 170, 172.5, 175 ಎಂದು ಮಿಲಿಮೀಟರಿನಲ್ಲಿ ಕೊರೆದಿರುತ್ತಾರೆ. ಆಮೇಲೆ ರಸ್ತೆಗೆ ಹೋಗಿ ಮೂರು ನಾಲ್ಕು ಬಾರಿ ಹತ್ತು ಸೆಕೆಂಡು ಜೋರಾಗಿ ತುಳಿದು ಬನ್ನಿ. ಹೊಸದಾಗಿ ಕೂರಿಸಿದ ಪೆಡಲು ಮೊದಲ ಜೋರು ತುಳಿತಕ್ಕೆ ಇನ್ನಷ್ಟು ಒಳಗೆ ಕೂರುತ್ತದೆ. ಅದಕ್ಕೂ ಮುಂಚೆ ಹೊಂದಿಸಿದ ಶೂನ್ಯ ಕೆಲಸಕ್ಕೆ ಬರುವುದಿಲ್ಲ.

ಶೂನ್ಯವೆಂದರೆ ಪೆಡಲಿನ ಮೇಲೆ ಯಾವ ಭಾರವೂ ಇಲ್ಲದಾಗ ಮೀಟರು ಓದುವ ಅಂಕಿ. ಅಂಗಡಿಯವನು ತಕ್ಕಡಿಯ ಮುಳ್ಳು ನೇರವಾಗಿದೆಯೇ ಎಂದು ನೋಡಿ ಮತ್ತೆ ತೂಗುವಂತೆ, ಪ್ರತಿ ಸವಾರಿಯ ಮೊದಲು ಇದನ್ನು ಹೊಂದಿಸಬೇಕು. ಶೂ ಕಳಚಿಟ್ಟು ಅಥವಾ ಪೆಡಲಿನಿಂದ ಬಿಡಿಸಿಕೊಂಡು, ಸೈಕಲನ್ನು ನೇರವಾಗಿ ನಿಲ್ಲಿಸಿ, ಕೈಪಿಡಿ ಹೇಳುವ ಸ್ಥಾನದಲ್ಲಿ ಕ್ರ್ಯಾಂಕನ್ನು ಇಟ್ಟು ಗುಂಡಿ ಒತ್ತಿದರೆ ಆಯಿತು. ಇಷ್ಟು ಸುಲಭದ ಕೆಲಸ ಕರಾವಳಿಯಲ್ಲಿ ಎಡವಟ್ಟಾಗುವುದು ಉಷ್ಣತೆಯಿಂದ. ರಾತ್ರಿಯಿಡೀ ಏಸಿ ಕೋಣೆಯಲ್ಲಿದ್ದ ಸೈಕಲನ್ನು ಅಲ್ಲಿಯೇ ಶೂನ್ಯಕ್ಕೆ ಹೊಂದಿಸಿ ಹೊರಗಿನ ಸೆಕೆಗೆ ತಂದರೆ ಲೋಹ ಹಿಗ್ಗುತ್ತದೆ, ಶೂನ್ಯವೂ ಸರಿಯುತ್ತದೆ. ಮೀಟರುಗಳಲ್ಲಿ ಉಷ್ಣತೆಯ ತಿದ್ದುಪಡಿ ಇರುತ್ತದೆ ನಿಜ, ಆದರೂ ಸೈಕಲನ್ನು ಹದಿನೈದು ನಿಮಿಷ ಅಂಗಳದಲ್ಲಿ ಇಟ್ಟು, ಅಷ್ಟರಲ್ಲಿ ಚಹಾ ಮುಗಿಸಿ, ಆಮೇಲೆ ಗುಂಡಿ ಒತ್ತುವುದು ಒಳ್ಳೆಯ ಅಭ್ಯಾಸ. ನಿಮ್ಮ ಸಾಧನ ಶೂನ್ಯದ ಅಂಕಿಯನ್ನು ತೋರಿಸುವುದಾದರೆ ಅದನ್ನು ಬರೆದಿಟ್ಟುಕೊಳ್ಳಿ. ದಿನವೂ ಹತ್ತಿರ ಹತ್ತಿರ ಇರುತ್ತಿದ್ದ ಅಂಕಿ ಒಂದು ಬೆಳಿಗ್ಗೆ ಥಟ್ಟನೆ ಹಾರಿದರೆ ಪೆಡಲು ಸಡಿಲವಾಗಿದೆ, ಬ್ಯಾಟರಿ ಕೈಕೊಡುತ್ತಿದೆ ಅಥವಾ ನೀರು ಒಳಹೊಕ್ಕಿದೆ ಎಂದು ತಿಳಿದು ಹುಡುಕಬೇಕು.

ಅಕ್ಕಿಚೀಲದ ಪರೀಕ್ಷೆ

ಮೀಟರು ಕೊಂಡ ಮೊದಲ ಎರಡು ವಾರ ನನ್ನ ಅಂಕಿಗಳು ಬಹಳ ಚೆನ್ನಾಗಿದ್ದವು. ಭಾನುವಾರದ ಸವಾರಿಯಲ್ಲಿ ನನಗಿಂತ ಗಟ್ಟಿಗರಾದವರ ಜತೆಗೇ ಇದ್ದರೂ ಅವರಿಗಿಂತ ಹತ್ತು ಹನ್ನೆರಡು ವ್ಯಾಟ್ ಹೆಚ್ಚು ಕಾಣುತ್ತಿತ್ತು. ತೂಕದಲ್ಲಿ ನಾವೆಲ್ಲ ಹೆಚ್ಚು ಕಡಿಮೆ ಒಂದೇ. ಅನುಮಾನ ಬಂದು ಮನೆಯಲ್ಲಿ ಪರೀಕ್ಷೆ ಮಾಡಿದೆ. ಕೆಲವು ಮಾದರಿಗಳಲ್ಲಿ ನಿಂತಲ್ಲೇ ಟಾರ್ಕ್ ಎಷ್ಟೆಂದು ನೋಡುವ ವ್ಯವಸ್ಥೆ ಇರುತ್ತದೆ. ಅದಿದ್ದರೆ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು.

ಹತ್ತು ಕಿಲೋ ಕುಚ್ಚಲಕ್ಕಿಯ ಚೀಲವನ್ನು ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ಸರಿಯಾಗಿ ಹತ್ತು ಕಿಲೋ ಮಾಡಿಕೊಂಡೆ. ಹಿಂದಿನ ಬ್ರೇಕನ್ನು ಹಗ್ಗದಿಂದ ಬಿಗಿದು, ಬಲ ಕ್ರ್ಯಾಂಕನ್ನು 3 ಗಂಟೆಯ ಸ್ಥಾನದಲ್ಲಿ ಅಡ್ಡಕ್ಕೆ ನಿಲ್ಲಿಸಿ, ಅದು ನೆಲಕ್ಕೆ ಸಮನಾಗಿದೆಯೇ ಎಂದು ಮೊಬೈಲಿನ ಮಟ್ಟಗೋಲಿನಲ್ಲಿ ನೋಡಿ, ಭಾರವಿಲ್ಲದಾಗ ಶೂನ್ಯಕ್ಕೆ ಹೊಂದಿಸಿ, ಪೆಡಲಿನ ನಡುವಿಗೆ ಗಟ್ಟಿ ದಾರ ಕಟ್ಟಿ ಚೀಲವನ್ನು ಮೆಲ್ಲಗೆ ನೇತುಹಾಕಿದೆ. ಚೀಲ ತೂಗಾಡುವುದು ನಿಲ್ಲುವವರೆಗೆ ಕಾಯಬೇಕು. ಅಷ್ಟರಲ್ಲಿ ಅಮ್ಮ ಜಗಲಿಗೆ ಬಂದು, "ಅಕ್ಕಿ ತೂಗ್ಲಿಕ್ಕೆ ನಿನಗೆ ಸೈಕಲ್ಲೇ ಬೇಕಿತ್ತಾ ಮಾರಾಯಾ?" ಎಂದು ಕೇಳಿ ಒಳಗೆ ಹೋದರು. ಪರದೆಯ ಮೇಲೆ ಬಂದದ್ದು 17.2 ನ್ಯೂಟನ್ ಮೀಟರ್.

ಲೆಕ್ಕ ಸುಲಭ: ತೂಕವನ್ನು 9.81ರಿಂದ ಗುಣಿಸಿ, ಅದನ್ನು ಕ್ರ್ಯಾಂಕಿನ ನಿಜವಾದ ಉದ್ದದಿಂದ (165 ಮಿ.ಮೀ. ಆದರೆ 0.165 ಮೀಟರ್) ಗುಣಿಸಿದರೆ ಬರಬೇಕಾದ ಟಾರ್ಕ್ ಸಿಗುತ್ತದೆ. ಕ್ರ್ಯಾಂಕಿನ ಒಳಬದಿಗೆ ಮೆತ್ತಿದ್ದ ಕೆಂಪು ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರೆ 165 ಎಂದಿತ್ತು, ಬರಬೇಕಾಗಿದ್ದದ್ದು 16.2. ಆ್ಯಪಿನಲ್ಲಿ ನಾನು ಅಂದಾಜಿನಿಂದ ಹಾಕಿದ್ದ ಉದ್ದ 175. ಅಂದರೆ ನನ್ನ 200 ವ್ಯಾಟ್ ಎರಡು ವಾರ 212 ಆಗಿ ಮೆರೆದಿತ್ತು, ಮೀಟರಿನ ತಪ್ಪು ಒಂದಿಷ್ಟೂ ಇರಲಿಲ್ಲ. ಒಳ್ಳೆಯ ಪೆಡಲ್ ಮೀಟರುಗಳ ತಯಾರಕರು ಹೇಳಿಕೊಳ್ಳುವ ನಿಖರತೆ ಶೇಕಡಾ 1ರ ಆಸುಪಾಸಿನದು. ಬಳಸುವವನ ಒಂದು ಅಜಾಗರೂಕತೆ ಅದರ ಆರು ಪಟ್ಟು ತಪ್ಪನ್ನು ತಂದಿತ್ತು.

ತುಳಿತದ ಬಗ್ಗೆ ನಂಬಿಕೆಗಳು ಮತ್ತು ಅಳತೆಗಳು

ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಅಡಿಯಲ್ಲಿರುವ ಶೂ ಹಾಕಿಕೊಂಡ ದಿನದಿಂದಲೇ ಹಿರಿಯ ಸವಾರರೊಬ್ಬರು ನಿಮಗೆ, ಪೆಡಲನ್ನು ಕೆಳಗೆ ಒತ್ತಿದರೆ ಸಾಲದು, ಮೇಲಕ್ಕೂ ಎಳೆಯಬೇಕು, ವೃತ್ತಾಕಾರವಾಗಿ ತುಳಿಯಬೇಕು ಎಂದು ಹೇಳಿಯೇ ಇರುತ್ತಾರೆ. ನನಗೂ ಹೇಳಿದ್ದರು, ಎರಡು ವರ್ಷ ಎಳೆದದ್ದೂ ಆಯಿತು. ಅಳತೆಗಳು ಹೇಳುವುದು ಬೇರೆ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉನ್ನತ ಮಟ್ಟದ ಸವಾರರು ಉಳಿದವರಿಗಿಂತ ಹೆಚ್ಚು ಶಕ್ತಿಯನ್ನು ಪಡೆದದ್ದು ಮೇಲಕ್ಕೆ ಎಳೆದು ಅಲ್ಲ, ಕೆಳಮುಖ ತುಳಿತದಲ್ಲಿ ಹೆಚ್ಚು ಬಲ ಹಾಕಿ. ಥಾಮಸ್ ಕಾರ್ಫ್ ಮತ್ತು ಸಂಗಡಿಗರು 2007ರಲ್ಲಿ ಸವಾರರಿಂದ 200 ವ್ಯಾಟ್ ಶಕ್ತಿಯಲ್ಲಿ, ನಿಮಿಷಕ್ಕೆ 90 ಸುತ್ತಿನಲ್ಲಿ ನಾಲ್ಕು ಬಗೆಯಾಗಿ ತುಳಿಸಿ ನೋಡಿದರು: ರೂಢಿಯಂತೆ, ವೃತ್ತಾಕಾರವಾಗಿ, ಒತ್ತುವುದಕ್ಕೆ ಗಮನ ಕೊಟ್ಟು, ಎಳೆಯುವುದಕ್ಕೆ ಗಮನ ಕೊಟ್ಟು. ಎಳೆದಾಗ ಬಲದ ಹಂಚಿಕೆ ಸುತ್ತಿನುದ್ದಕ್ಕೂ ಸಮವಾಗಿ ಚೆಂದ ಕಂಡಿತು, ಆದರೆ ಅದೇ 200 ವ್ಯಾಟಿಗೆ ದೇಹ ಖರ್ಚು ಮಾಡಿದ ಶಕ್ತಿ ಹೆಚ್ಚಾಯಿತು.

ಇದು ಹೇಗೆ ಎಂಬುದಕ್ಕೆ ನಮ್ಮ ಬಾವಿಯ ರಾಟೆಯೇ ಉತ್ತರ. ಹಗ್ಗದ ಎರಡು ತುದಿಗೂ ಒಂದೊಂದು ಕೊಡ ಕಟ್ಟಿದ ರಾಟೆಯಲ್ಲಿ ಇಳಿಯುವ ಕೊಡದ ಭಾರ ಏರುವ ಕೊಡವನ್ನು ಎತ್ತುತ್ತದೆ, ಸೇದುವವನು ನೀರಿನ ಭಾರವನ್ನಷ್ಟೇ ಎತ್ತಿದರೆ ಸಾಕು. ಕ್ರ್ಯಾಂಕಿನ ಎರಡು ಕಾಲುಗಳೂ ಆ ಎರಡು ಕೊಡಗಳಂತೆ. ಎಪ್ಪತ್ತು ಕಿಲೋ ತೂಗುವವನ ಒಂದು ಕಾಲು ಹತ್ತು ಕಿಲೋಗಿಂತ ಹೆಚ್ಚೇ ಇರುತ್ತದೆ. ಮೇಲೇರುವ ಕಾಲು ಪೆಡಲಿನ ಮೇಲೆ ಸ್ವಲ್ಪ ಭಾರ ಬಿಡುವುದರಿಂದ ಮೀಟರು ಅಲ್ಲಿ ಋಣ ಟಾರ್ಕನ್ನು ತೋರಿಸುತ್ತದೆ. ಆದರೆ ಅದೇ ಹೊತ್ತಿಗೆ ಇಳಿಯುವ ಕಾಲಿನ ಭಾರ ಇನ್ನೊಂದು ಕಡೆ ಸಹಾಯ ಮಾಡುತ್ತಿರುತ್ತದೆ. ಆ ಋಣದ ಬಹುಪಾಲು ನಷ್ಟವಲ್ಲ. ಅದನ್ನು ಅಳಿಸಿಹಾಕಲು ಸೊಂಟದ ಮುಂಭಾಗದ ಸಣ್ಣ ಸ್ನಾಯುಗಳನ್ನು ದುಡಿಸುವುದೆಂದರೆ ರಾಟೆ ಮಾಡುವ ಕೆಲಸವನ್ನು ಕೈಯಿಂದ ಮಾಡಿದ ಹಾಗೆ.

ಆದ್ದರಿಂದ ಪರದೆಯಲ್ಲಿ ಕಾಣುವ ಟಾರ್ಕ್ ಎಫೆಕ್ಟಿವ್‌ನೆಸ್, ಪೆಡಲ್ ಸ್ಮೂತ್‌ನೆಸ್ ಎಂಬ ಎರಡು ಶೇಕಡಾ ಅಂಕಿಗಳ ಬೆನ್ನು ಹತ್ತಬೇಡಿ. ಮೊದಲನೆಯದು ತಿರುಗಿಸಿದ ಬಲಕ್ಕೂ ತಡೆದ ಬಲಕ್ಕೂ ಇರುವ ಲೆಕ್ಕ, ಎರಡನೆಯದು ಒಂದು ಸುತ್ತಿನ ಸರಾಸರಿ ಶಕ್ತಿಗೂ ಗರಿಷ್ಠ ಶಕ್ತಿಗೂ ಇರುವ ಅನುಪಾತ. ಜೋರಾಗಿ ತುಳಿದಾಗ ಮೊದಲನೆಯದು ತಾನಾಗಿಯೇ ಏರುತ್ತದೆ. ಮೆಲ್ಲಗೆ ಹೋದ ಸವಾರಿಯನ್ನೂ ಘಟ್ಟ ಹತ್ತಿದ ಸವಾರಿಯನ್ನೂ ಪಕ್ಕಪಕ್ಕ ಇಟ್ಟು, ತುಳಿತ ಸುಧಾರಿಸಿತು ಎಂದು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ತಿದ್ದಿಕೊಳ್ಳಲು ಏನಿದೆ? ಇದೆ, ಆದರೆ ಅದು ಪೆಡಲಿಗಿಂತ ಮೊದಲು ಸೀಟಿನಿಂದ ಶುರುವಾಗುತ್ತದೆ. ಪೆಡಲು ಅತಿ ಕೆಳಗಿರುವಾಗ ಮೊಣಕಾಲು ನೇರದಿಂದ 25ರಿಂದ 35 ಡಿಗ್ರಿಯಷ್ಟು ಮಡಿಚಿರಬೇಕು. ಸೀಟು ಎತ್ತರವಾದರೆ ಸೊಂಟ ಎಡಕ್ಕೂ ಬಲಕ್ಕೂ ಜಾರುತ್ತದೆ, ತಗ್ಗಾದರೆ ಮೊಣಕಾಲಿನ ಚಿಪ್ಪಿನ ಸುತ್ತ ನೋವು ಬರುತ್ತದೆ. ಕ್ಲೀಟನ್ನು ಪಾದದ ಹೆಬ್ಬೆರಳ ಬುಡದ ಉಬ್ಬು ಪೆಡಲಿನ ಸ್ಪಿಂಡಲಿನ ಮೇಲೆಯೋ ಅದಕ್ಕಿಂತ ಸ್ವಲ್ಪ ಮುಂದೆಯೋ ಬರುವಂತೆ ಹಾಕಿ, ಹಿಮ್ಮಡಿಗೆ ಆಚೀಚೆ ಆಡಲು ಜಾಗ ಬಿಡಿ. ಲುಕ್ ಕಿಯೊ ಕ್ಲೀಟುಗಳಲ್ಲಿ ಬೂದು ಬಣ್ಣದ್ದು 4.5 ಡಿಗ್ರಿ, ಕೆಂಪು 9 ಡಿಗ್ರಿ ಆಡುತ್ತದೆ, ಕಪ್ಪು ಅಲ್ಲಾಡುವುದೇ ಇಲ್ಲ. ಮೊಣಕಾಲಿನ ಮೇಲೆ ಪ್ರೀತಿಯಿರುವವರು ಕಪ್ಪನ್ನು ಕೊಳ್ಳದಿರುವುದು ಒಳ್ಳೆಯದು.

ಇನ್ನು ತುಳಿತ. ಬಲವನ್ನು 1 ಗಂಟೆಯ ಹೊತ್ತಿಗೆ ಶುರುಮಾಡಿ 5 ಗಂಟೆಯ ಹೊತ್ತಿಗೆ ಬಿಟ್ಟುಬಿಡಬೇಕು. ಕಲಿಯಲು ಕಷ್ಟವಾದದ್ದು ಬಿಡುವುದೇ. ಆಯಾಸವಾದಾಗ ಕಾಲು 6 ಗಂಟೆಯಲ್ಲಿಯೂ ಕೆಳಕ್ಕೆ ಒತ್ತುತ್ತಲೇ ಇರುತ್ತದೆ, ಆ ಒತ್ತಡಕ್ಕೆ ಹೋಗಲು ಬೇರೆ ದಾರಿಯಿಲ್ಲದೆ ದೇಹವೇ ಸೀಟಿನಿಂದ ಮೇಲಕ್ಕೆ ಪುಟಿಯುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿದ ಕೆಸರನ್ನು ಮೆಟ್ಟಿಲಿನ ಅಂಚಿಗೆ ಒರೆಸುತ್ತೇವಲ್ಲ, ಸುತ್ತಿನ ಅಡಿಯಲ್ಲಿ ಪಾದ ಹಾಗೆ ಹಿಂದಕ್ಕೆ ಸರಿಯಬೇಕು. ಮೇಲೇರುವಾಗ ಎಳೆಯಬೇಡಿ, ಶೂ ಒಳಗೆ ಪಾದ ಹಗುರವಾದಂತೆ ಅನಿಸಿದರೆ ಅಷ್ಟೇ ಸಾಕು.

ಅಭ್ಯಾಸ ಎಲ್ಲಿ, ಹೇಗೆ

ನಾನು ನೋಡುವ ಮೂರು ಅಂಕಿಗಳೆಂದರೆ ವ್ಯಾಟ್, ಕೇಡೆನ್ಸ್ ಅಥವಾ ನಿಮಿಷಕ್ಕೆ ತುಳಿಯುವ ಸುತ್ತುಗಳು, ಮತ್ತು ಸವಾರಿ ಮುಗಿದ ಮೇಲೆ ಮಾತ್ರ ಎಡಬಲದ ಪಾಲು.

ಕೇಡೆನ್ಸಿನ ಅಭ್ಯಾಸಕ್ಕೆ ಮಲ್ಪೆ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಹೋಗುವ ಕಡಲ ಬದಿಯ ರಸ್ತೆಯಂಥ ಸಮತಟ್ಟಾದ ಜಾಗ ಬೇಕು; ಬೆಳಿಗ್ಗೆ ಆರಕ್ಕೆ ಅಲ್ಲಿ ಬಲೆ ಸರಿಪಡಿಸುವವರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಪರದೆ ನೋಡುತ್ತ ಹೋಗುವ ಸಾಹಸ ಬೇಡ. ಮಾತಾಡಿಕೊಂಡು ಹೋಗಬಹುದಾದ ಒಂದು ಶಕ್ತಿಯನ್ನು ಆರಿಸಿಕೊಳ್ಳಿ, 130 ವ್ಯಾಟ್ ಎಂದುಕೊಳ್ಳೋಣ. ಅದನ್ನು ಬದಲಿಸದೆ ಮೂರು ಮೂರು ನಿಮಿಷ 70, 80, 90, 100 ಸುತ್ತಿನಲ್ಲಿ ತುಳಿಯಿರಿ. ಗೇರು ಬದಲಾಗುತ್ತದೆ, ವ್ಯಾಟ್ ಬದಲಾಗಬಾರದು. 100ಕ್ಕೆ ಬಂದಾಗ ಸೀಟಿನ ಮೇಲೆ ಪುಟಿಯುತ್ತಿದ್ದರೆ ಮೇಲೆ ಹೇಳಿದ 6 ಗಂಟೆಯ ಒತ್ತಡ ಉಳಿದಿದೆ ಎಂದರ್ಥ. ವೇಗವನ್ನು 95ಕ್ಕೆ ಇಳಿಸಿ ಪಾದವನ್ನು ಬಿಡುವುದನ್ನು ಕಲಿತು ಮತ್ತೆ ಏರಿಸಿ. ವಾರಕ್ಕೆ ಒಂದು ಸಲದಂತೆ ಆರು ವಾರ ಮಾಡಿದರೆ ವ್ಯತ್ಯಾಸ ಮೊದಲು ಗೊತ್ತಾಗುವುದು ಸೀಟಿನ ಮೇಲೆ ಕುಳಿತ ಭಾಗಕ್ಕೆ.

ಕೇಡೆನ್ಸ್ ಯಾಕೆ ಮುಖ್ಯ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. 170 ಮಿ.ಮೀ. ಕ್ರ್ಯಾಂಕಿನಲ್ಲಿ 200 ವ್ಯಾಟ್ ಕೊಡಲು 90 ಸುತ್ತಿನಲ್ಲಿ ಬೇಕಾದ ಸರಾಸರಿ ಬಲ ಸುಮಾರು 12.7 ಕಿಲೋ ತೂಕದಷ್ಟು, 60 ಸುತ್ತಿನಲ್ಲಿ 19 ಕಿಲೋದಷ್ಟು. ಒಂದು ಕಾಲಿನ ಗರಿಷ್ಠ ಒತ್ತಡ ಇದಕ್ಕಿಂತ ಎಷ್ಟೋ ಹೆಚ್ಚು. ಎರಡೂ ಕಡೆ ವ್ಯಾಟ್ ಒಂದೇ, ಆದರೆ ಎರಡನೆಯದರಲ್ಲಿ ತೊಡೆ ಬೇಗ ಸೋಲುತ್ತದೆ. ಹಾಗೆಂದು 110 ಸುತ್ತಿನಲ್ಲಿ ತುಳಿದರೆ ಕಾಲನ್ನು ತಿರುಗಿಸುವುದಕ್ಕೇ ಉಸಿರು ಖರ್ಚಾಗುತ್ತದೆ. ಹೆಚ್ಚಿನವರಿಗೆ ಸಮತಟ್ಟಿನಲ್ಲಿ 80ರಿಂದ 95 ಹಿತ.

ವ್ಯಾಟನ್ನು ಸಮವಾಗಿ ಇಟ್ಟುಕೊಳ್ಳುವ ಅಭ್ಯಾಸಕ್ಕೆ ಮಣಿಪಾಲದಿಂದ ಪರ್ಕಳ, ಹಿರಿಯಡ್ಕದ ಕಡೆಗೆ ಹೋಗುವ ರಸ್ತೆಗಿಂತ ಒಳ್ಳೆಯ ಗುರು ಇಲ್ಲ. ಏರು ಇಳಿತ, ಏರು ಇಳಿತ. ಪ್ರತಿ ಸಣ್ಣ ಏರಿಗೂ ಎದ್ದು ನಿಂತು 350 ವ್ಯಾಟ್ ಹಾಕಿ, ಇಳಿತದಲ್ಲಿ ಕಾಲು ನಿಲ್ಲಿಸಿ ಹೋಗುವುದು ನಮ್ಮೆಲ್ಲರ ಚಾಳಿ. ಸರಾಸರಿ 150 ಎಂದು ತೋರಿಸುವ ಅಂಥ ಸವಾರಿಯಲ್ಲಿ ನಾರ್ಮಲೈಸ್ಡ್ ಪವರ್ ಎಂಬ ಅಂಕಿ 190ಕ್ಕೆ ಏರಿರಬಹುದು. ಮೂವತ್ತು ಸೆಕೆಂಡಿನ ಸರಾಸರಿಗಳನ್ನು ನಾಲ್ಕನೆಯ ಘಾತಕ್ಕೇರಿಸಿ ತೆಗೆಯುವ ಆ ಲೆಕ್ಕ, ಆಗಾಗ ಹಾಕಿದ ಜೋರು ದೇಹಕ್ಕೆ ಎಷ್ಟು ದುಬಾರಿಯಾಯಿತು ಎಂಬುದನ್ನು ಹೇಳುತ್ತದೆ. ಏರಿನಲ್ಲಿ 220 ದಾಟದಂತೆ, ಇಳಿತದಲ್ಲಿ 100ಕ್ಕಿಂತ ಕೆಳಗೆ ಬೀಳದಂತೆ ಒಂದು ಗಂಟೆ ತುಳಿದು ನೋಡಿ. ಮೊದಲ ದಿನ ಜತೆಗಾರರೆಲ್ಲ ಏರಿನಲ್ಲಿ ಮುಂದೆ ಹೋಗಿಬಿಡುತ್ತಾರೆ, ಸ್ವಲ್ಪ ಮಾನ ಬಿಡಬೇಕಾಗುತ್ತದೆ.

ಈ ಮಿತಿಗಳನ್ನು ಗೊತ್ತುಮಾಡಿಕೊಳ್ಳಲು ಇಪ್ಪತ್ತು ನಿಮಿಷದ ಪರೀಕ್ಷೆ ರೂಢಿಯಲ್ಲಿದೆ: ಇಪ್ಪತ್ತು ನಿಮಿಷ ಸಮವಾಗಿ ಹಿಡಿದಿಡಬಹುದಾದ ಗರಿಷ್ಠ ಸರಾಸರಿಯ ಶೇಕಡಾ 95 ನಿಮ್ಮ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಶಕ್ತಿಯ ಅಂದಾಜು. ಅದರ ಶೇಕಡಾ 56ರಿಂದ 75 ದೀರ್ಘ ಸವಾರಿಗೆ, 91ರಿಂದ 105 ಮಿತಿಯ ಮಟ್ಟದ ಅಭ್ಯಾಸಕ್ಕೆ. ಇಲ್ಲಿನ ಸೆಕೆಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಮಾಡಿದ ಪರೀಕ್ಷೆಯನ್ನೂ ಬೆಳಗಿನ ಪರೀಕ್ಷೆಯನ್ನೂ ಹೋಲಿಸಬಾರದು. ಸಮಯ, ರಸ್ತೆ, ಹಿಂದಿನ ದಿನದ ವಿಶ್ರಾಂತಿ ಒಂದೇ ಇರಲಿ.

ಒಂದೇ ಕಾಲಿನಲ್ಲಿ ತುಳಿಯುವ ಅಭ್ಯಾಸವನ್ನು ಕೆಲವರು ಹೇಳುತ್ತಾರೆ. ಸುತ್ತಿನಲ್ಲಿ ಬಲ ಸಲ್ಲದ ಸತ್ತ ಜಾಗ ಎಲ್ಲಿದೆ ಎಂದು ತಿಳಿಯಲು ಮನೆಯಲ್ಲಿ, ಸೈಕಲನ್ನು ನಿಂತಲ್ಲೇ ತುಳಿಯುವ ಟ್ರೇನರಿನ ಮೇಲೆ ಮೂವತ್ತು ಸೆಕೆಂಡು ಮಾಡಬಹುದು. ರಸ್ತೆಯಲ್ಲಿ ಬೇಡ.

ಎಡಬಲದ ಪಾಲು

ಕಂಬಳದಲ್ಲಿ ಜೋಡಿ ಕೋಣಗಳು ಒಂದೇ ತೂಕ, ಒಂದೇ ಹೆಜ್ಜೆ ಇರುವುದು ಅಪರೂಪ, ಆದರೂ ಗೆಲ್ಲುವ ಜೋಡಿಗಳಿವೆ. ಕಾಲುಗಳೂ ಅಷ್ಟೇ. 48 ಮತ್ತು 52ರ ಪಾಲು ರೋಗವಲ್ಲ, ಅದನ್ನು 50ಕ್ಕೆ ತರಲು ಒಂದು ಕಾಲನ್ನು ಬೇಕೆಂದೇ ಜೋರಾಗಿ ಒತ್ತುವುದು ಮೂರ್ಖತನ. ಶಕ್ತಿ ಹೆಚ್ಚಾದಂತೆ ಪಾಲು ತಾನಾಗಿ ಬದಲಾಗುವುದೂ ಉಂಟು. ಗಮನಿಸಬೇಕಾದದ್ದು ಬದಲಾವಣೆಯನ್ನು. ತಿಂಗಳುಗಟ್ಟಲೆ 49 ಇದ್ದ ಎಡಗಾಲು ಒಂದು ವಾರ 45ಕ್ಕೆ ಇಳಿದರೆ ಮೊದಲು ಸಾಧನವನ್ನು ಅನುಮಾನಿಸಿ: ಶೂನ್ಯ ಹೊಂದಿಸಿ, ಬ್ಯಾಟರಿ ನೋಡಿ, ಕ್ಲೀಟಿನ ಸ್ಕ್ರೂ ಸಡಿಲವಾಗಿದೆಯೇ ನೋಡಿ, ಪೆಡಲಿನ ಬಿಗಿ ನೋಡಿ. ಇವೆಲ್ಲ ಸರಿಯಿದ್ದರೆ ಮೊಣಕಾಲು, ಸೊಂಟ, ಬೆನ್ನಿನ ಕಡೆ ತಿರುಗಿ, ಫಿಸಿಯೋಥೆರಪಿಸ್ಟರನ್ನು ಕಾಣುವ ಹೊತ್ತು ಅದು.

ಆಗುಂಬೆ ಘಟ್ಟ ಇದಕ್ಕೆ ಒಳ್ಳೆಯ ಪರೀಕ್ಷೆ. ಉಡುಪಿಯಿಂದ ಹಿರಿಯಡ್ಕ, ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬರುವಾಗ ಕಾಲಿಗೆ ಎರಡು ಗಂಟೆಯ ದಣಿವಿರುತ್ತದೆ, ಅಲ್ಲಿಂದ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಶುರು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಇದ್ದು, ಶೇಕಡಾ 7ರ ಏರಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 170 ವ್ಯಾಟ್ ಬೇಕು. ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಆ ವೇಗಕ್ಕೆ ಕೇಡೆನ್ಸ್ 65. ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿದರೆ 79. ಪೆಡಲ್ ಮೀಟರಿಗೆ ಹಲವು ಹತ್ತು ಸಾವಿರ ರೂಪಾಯಿ ಸುರಿಯುವ ಮೊದಲು ಆ ದೊಡ್ಡ ಕ್ಯಾಸೆಟ್ಟನ್ನು ಕೊಂಡರೆ ಘಟ್ಟದಲ್ಲಿ ತುಳಿತ ಅರ್ಧ ಸುಧಾರಿಸಿದಂತೆಯೇ. ಮೇಲೆ ತಲುಪಿ ಮನೆಗೆ ಬಂದ ಮೇಲೆ ದಾಖಲೆ ತೆರೆದು, ಮೊದಲ ಗಂಟೆಯ ಮತ್ತು ಘಟ್ಟದ ಕೊನೆಯ ಹದಿನೈದು ನಿಮಿಷದ ಪಾಲನ್ನು ಪಕ್ಕಪಕ್ಕ ಇಡಿ. ನನ್ನದು ದಣಿದಾಗ ಬಲಕ್ಕೆ ವಾಲುತ್ತದೆ. ಅದನ್ನು ನೋಡಿಯೇ ಎಡ ಸೊಂಟದ ಸ್ನಾಯುವಿಗೆ ವಾರಕ್ಕೆರಡು ದಿನ ವ್ಯಾಯಾಮ ಶುರುಮಾಡಿದೆ, ಸೈಕಲ್ಲಿನ ಮೇಲೆ ಏನನ್ನೂ ಬದಲಿಸಲಿಲ್ಲ.

ಉಪ್ಪು, ಮಣ್ಣು, ಮಳೆ

ಈ ಪೆಡಲುಗಳು ಮಳೆಗೆ ಹೆದರುವುದಿಲ್ಲ, ಆದರೆ ಒತ್ತಡದ ನೀರಿಗೆ ಹೆದರುತ್ತವೆ. ವಾಹನ ತೊಳೆಯುವ ಪಂಪಿನ ಮುಂದೆ ಅವನ್ನು ಹಿಡಿಯಬೇಡಿ. ಕಡಲ ಬದಿಯಲ್ಲಿ ಸವಾರಿ ಮಾಡಿ ಬಂದ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಚಾರ್ಜಿಂಗ್ ತುದಿಗಳನ್ನು ಒಣಗಿಸಿಯೇ ಕೇಬಲ್ ಹಾಕಿ, ಇಲ್ಲದಿದ್ದರೆ ಉಪ್ಪುನೀರಿನ ತೇವಕ್ಕೆ ಅವು ಹಸಿರುಗಟ್ಟುತ್ತವೆ. ಮುರಕಲ್ಲಿನ ಕೆಂಪು ಮಣ್ಣು ಕ್ಲೀಟಿನಲ್ಲಿ ತುಂಬಿಕೊಂಡರೆ ಶೂ ಸರಿಯಾಗಿ ಕೂರುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ ಅದಕ್ಕೆ ಸಾಕು. ತುಳುವರ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹೇಗೂ ಹೊರಗೆ ಹೋಗದವರು ಪೆಡಲುಗಳನ್ನು ಬಿಚ್ಚಿ, ಗುಂಡಿ ಬ್ಯಾಟರಿಯ ಮಾದರಿಯಾದರೆ ಬ್ಯಾಟರಿ ತೆಗೆದು, ಚಾರ್ಜ್ ಮಾಡುವ ಮಾದರಿಯಾದರೆ ಅರ್ಧ ಚಾರ್ಜಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಡಿ. ಬಿಚ್ಚುವಾಗ ಎರಡೂ ಹಿಂದಿನ ಚಕ್ರದ ಕಡೆಗೆ ತಿರುಗುತ್ತವೆ. ಅದರ ಮುಂದಿನ ಸೋಣ ತಿಂಗಳಲ್ಲಿ ಮತ್ತೆ ಕೂರಿಸಿದಾಗ ಜೋರಾಗಿ ನಾಲ್ಕು ಸಲ ತುಳಿದು, ಶೂನ್ಯ ಹೊಂದಿಸಿ, ಕ್ರ್ಯಾಂಕಿನ ಉದ್ದ ಆ್ಯಪಿನಲ್ಲಿ ಹಾಗೆಯೇ ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.